ಜಾಗ ಅಳೆದರೆ ಸಾಲದು, ಭಾರವನ್ನೂ ಹಂಚಬೇಕು



ಕಂಪ್ಯೂಟರ್ ಕೊಠಡಿಯ ನಕ್ಷೆ ಬರೆಯಿರಿ ಎಂದು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ನೀವು ಟೇಬಲ್, ಕುರ್ಚಿ, ಕಂಪ್ಯೂಟರ್‌ಗಳನ್ನು ಅಚ್ಚುಕಟ್ಟಾಗಿ ಜೋಡಿಸುತ್ತೀರಿ. ಯು.ಪಿ.ಎಸ್. ಬ್ಯಾಟರಿಗಳಿಗೆ ಉಳಿದ ಒಂದು ಮೂಲೆ ಸಿಗುತ್ತದೆ. ಆದರೆ ಕೊಠಡಿಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅದೇ. ಆದ್ದರಿಂದ ಯೋಜನೆ ಅಲ್ಲಿಂದಲೇ ಆರಂಭವಾಗಬೇಕು. ಇದಕ್ಕೆ ಬೇಕಾದುದು ನೀವು ಕಲಿತಿರುವ ಭೌತಶಾಸ್ತ್ರವೇ: ಒತ್ತಡ = ಬಲ ÷ ವಿಸ್ತೀರ್ಣ.

ನೆಲ ಎಷ್ಟು ಹೊರುತ್ತದೆ?

ಕಟ್ಟಡಗಳ ಮೇಲಿನ ಭಾರಕ್ಕೆ ಐ.ಎಸ್. 875 (ಭಾಗ 2, 1987) ಎಂಬ ಭಾರತೀಯ ಮಾನಕವಿದೆ. ಅದರಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ತರಗತಿಯ ನೆಲವನ್ನು 3 ಕಿಲೋನ್ಯೂಟನ್ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. 3 ಕಿಲೋನ್ಯೂಟನ್ ಎಂದರೆ ಸುಮಾರು 300 ಕಿಲೋ ತೂಕ. 8 ಮೀ. ಉದ್ದ, 6 ಮೀ. ಅಗಲದ ಕೊಠಡಿಯಲ್ಲಿ ತಲಾ 50 ಕಿಲೋ ತೂಕದ 60 ವಿದ್ಯಾರ್ಥಿಗಳು ಕುಳಿತರೆ ಚದರ ಮೀಟರಿಗೆ ಸುಮಾರು 63 ಕಿಲೋ ಮಾತ್ರ.

ಈಗ ಬ್ಯಾಟರಿ ನೋಡೋಣ. 150 ಎ.ಎಚ್. ಟ್ಯೂಬುಲರ್ ಬ್ಯಾಟರಿಯೊಂದು ಸುಮಾರು 60 ಕಿಲೋ ತೂಗುತ್ತದೆ. 16 ಬ್ಯಾಟರಿಗೆ 960 ಕಿಲೋ. ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಒಂದು ಟನ್. ಅವನ್ನು 2 ಮೀ. ಉದ್ದ, ಅರ್ಧ ಮೀ. ಅಗಲದ ಸ್ಟ್ಯಾಂಡಿನಲ್ಲಿ ಎರಡು ಅಂತಸ್ತಾಗಿ ಇಟ್ಟರೆ ಒಂದೇ ಚದರ ಮೀಟರಿನ ಮೇಲೆ 1000 ಕಿಲೋ! ತರಗತಿಯ ಲೆಕ್ಕದ ಮೂರು ಪಟ್ಟಿಗಿಂತ ಹೆಚ್ಚು. ಕೆಳಗಿನ ಕೊಠಡಿಯಲ್ಲಿ ಮಕ್ಕಳು ಕುಳಿತಿರುತ್ತಾರೆ ಎಂಬುದನ್ನು ಮರೆಯಬಾರದು.

1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಸುಮಾರು 27 ಟನ್ ತೂಗುತ್ತಿತ್ತು. ಆದರೆ ಅದು ಹರಡಿಕೊಂಡಿದ್ದ ಜಾಗ 1800 ಚದರ ಅಡಿ, ಅಂದರೆ 167 ಚದರ ಮೀಟರ್. ಸರಾಸರಿ ಚದರ ಮೀಟರಿಗೆ ಸುಮಾರು 160 ಕಿಲೋ ಅಷ್ಟೇ. ಯಂತ್ರಗಳು ಚಿಕ್ಕವಾದಂತೆ ಭಾರದ ಚಿಂತೆ ಹೋಗಲಿಲ್ಲ, ಭಾರ ಒಂದೇ ಕಡೆ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ (2022) ಸೂಪರ್ ಕಂಪ್ಯೂಟರ್ ಕೂಡ ಒತ್ತಾಗಿ ತುಂಬಿದ ರ‍್ಯಾಕ್‌ಗಳ ಸಾಲೇ.

ಹಾಗಾದರೆ ಏನು ಮಾಡಬೇಕು?

1. ಸಾಧ್ಯವಾದರೆ ಬ್ಯಾಟರಿಗಳು ನೆಲ ಅಂತಸ್ತಿನಲ್ಲಿರಲಿ. ಆದರೆ ನಮ್ಮ ಅಳವಂಡಿ ಭಾಗದ್ದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಆ ಜಾಗದ ಎರೆ ಮಣ್ಣು ತೆಗೆದು, ಗರಸು ತುಂಬಿ, ದಮ್ಮಸ್ಸು ಮಾಡಿ ಕಾಂಕ್ರೀಟ್ ಹಾಕಿಸಬೇಕು.

2. ಮೇಲಂತಸ್ತಿನಲ್ಲೇ ಇಡಬೇಕಾದರೆ ಸ್ಲ್ಯಾಬಿನ ನಡುವೆ ಬೇಡ. ಭಾರ ಹೊರುವ ಗೋಡೆ ಅಥವಾ ಬೀಮಿನ ಪಕ್ಕದಲ್ಲಿ, ಒಂದೇ ಅಂತಸ್ತಿನಲ್ಲಿ, ಉದ್ದಕ್ಕೆ ಹರಡಿ ಇಡಬೇಕು. ಇಡುವ ಮುನ್ನ ಎಂಜಿನಿಯರ್ ಒಪ್ಪಿಗೆ ಕಡ್ಡಾಯ.

3. ಸ್ಟ್ಯಾಂಡಿನ ಕಾಲಿನ ಕೆಳಗೆ ಪ್ಲೇಟ್ ಹಾಕಿ. ಆರು ಕಾಲಿದ್ದರೆ ಒಂದೊಂದರ ಮೇಲೂ ಸುಮಾರು 167 ಕಿಲೋ. 5 ಸೆಂ.ಮೀ. ಚೌಕದ ಕಾಲಿನಡಿ ಚದರ ಸೆಂ.ಮೀ.ಗೆ 6.7 ಕಿಲೋ ಬೀಳುತ್ತದೆ. 20 ಸೆಂ.ಮೀ. ಚೌಕದ ಪ್ಲೇಟ್ ಇಟ್ಟರೆ 0.4 ಕಿಲೋ. ಇದರಿಂದ ಫರಸಿ ಒಡೆಯದೆ ಉಳಿಯುತ್ತದೆ. ಆದರೆ ಸ್ಲ್ಯಾಬ್ ಹೊರುವ ಒಟ್ಟು ಭಾರ ಕಡಿಮೆಯಾಗುವುದಿಲ್ಲ, ಎಚ್ಚರ.

4. ಸ್ಟ್ಯಾಂಡಿನ ಮುಂದೆ ಒಂದು ಮೀಟರ್ ಜಾಗ ಬಿಡಿ. ನೀರು ಹಾಕುವವರು, ಬ್ಯಾಟರಿ ಬದಲಿಸುವವರು ನಿಲ್ಲಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ದಾಟಿದರೆ ಕಿಡಿ ತಗಲಿ ಸ್ಫೋಟಿಸಬಹುದು. ಆದ್ದರಿಂದ ಗಾಳಿಯಾಡುವ ಪ್ರತ್ಯೇಕ ಕೋಣೆಯೇ ಉತ್ತಮ.

ಅಭ್ಯಾಸ: ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿ, ನೀರು ತುಂಬಿದ ಸಿಂಟೆಕ್ಸ್, ಜೋಳದ ಚೀಲಗಳ ಅಟ್ಟಿ, ಈ ಮೂರರ ತೂಕ ಮತ್ತು ತಳದ ವಿಸ್ತೀರ್ಣ ಬರೆದುಕೊಂಡು ಚದರ ಮೀಟರಿಗೆ ಎಷ್ಟು ಕಿಲೋ ಎಂದು ಲೆಕ್ಕ ಹಾಕಿ ತನ್ನಿ. ಒಂದು ಲೀಟರ್ ನೀರು ಒಂದು ಕಿಲೋ ಎಂಬುದು ನೆನಪಿರಲಿ. 300 ದಾಟಿದ್ದು ಯಾವುದು, ಅದರ ಕೆಳಗೆ ಏನಿದೆ ಎಂಬುದನ್ನು ಮುಂದಿನ ಪ್ರಾಯೋಗಿಕ ತರಗತಿಯಲ್ಲಿ ಚರ್ಚಿಸೋಣ.