ಈ ಕಲ್ಲಿಗೆ ಬ್ಯಾಂಕು ಸಾಲ ಕೊಡದು

ನಮ್ಮ ಗೋವಿನಕೋವಿ ಕಡೆ ಅಡಿಕೆ ದುಡ್ಡು ಕೈಗೆ ಬಂದರೆ ಮೊದಲು ಬಂಗಾರ, ಆಮೇಲೆ ಸೈಟು. ಅದರಲ್ಲಿ ತಪ್ಪೇನಿಲ್ಲ. ಬಿತ್ತನೆ ಹೊತ್ತಿಗೆ ಕೈ ಬಿಗಿಯಾದರೆ ಬಂಗಾರ ಅಡವಿಟ್ಟು ಅವತ್ತೇ ಹಣ ತರಬಹುದು. ಆದರೆ ಬ್ಯಾಂಕಿನಲ್ಲಿ ತೂಕ ಹಾಕುವವರು ಓಲೆಯಲ್ಲಿನ ಕೆಂಪು ಹರಳಿನ ತೂಕ ಕಳೆದೇ ಲೆಕ್ಕ ಹೇಳುತ್ತಾರೆ. ಅವರ ಪಾಲಿಗೆ ಹರಳು ಸೊನ್ನೆ. ಇದು ಗೊತ್ತಿದ್ದೂ ನಾನು ಬಹಳ ವರ್ಷಗಳಿಂದ ಒಂದೇ ಜಾತಿಯ ಹರಳು ಕೂಡಿಡುತ್ತ ಬಂದಿದ್ದೇನೆ: ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ, ಪೇಟೆಯಲ್ಲಿ ಸ್ಟಾರ್ ರೂಬಿ ಎನ್ನುತ್ತಾರಲ್ಲ, ಅದು.

ಅದು ನಮ್ಮ ತಾಲ್ಲೂಕಿನ ಕಲ್ಲಲ್ಲ. ಇಲ್ಲಿ ಕುದುರೆಕೊಂಡದ ಕಡೆ ಹಿಂದೆ ಚಿನ್ನಕ್ಕೆ ಗಣಿ ತೋಡಿದ್ದರು. ಮಾಣಿಕ್ಯಕ್ಕೆ ಮೈಸೂರು, ಮಂಡ್ಯ, ಹಾಸನದ ದಿಕ್ಕಿಗೇ ನೋಡಬೇಕು. ಕುರುಂದದ ಕಲ್ಲಿಗೆ ಕ್ರೋಮಿಯಂ ಸೇರಿ ಕೆಂಪಾದರೆ ಮಾಣಿಕ್ಯ. ಗಡಸುತನದಲ್ಲಿ ವಜ್ರ 10 ಆದರೆ ಇದು 9. ಒಳಗೆ ರೂಟೈಲ್ ಖನಿಜದ ಅತಿ ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಸಾಲುಗಟ್ಟಿದ್ದು, ಕಲ್ಲನ್ನು ಸರಿಯಾದ ಕಡೆಯಿಂದ ಗುಮ್ಮಟದ ಹಾಗೆ ಉಜ್ಜಿದರೆ ಬಿಸಿಲಿನಲ್ಲಿ ಆರು ಕಾಲಿನ ನಕ್ಷತ್ರ ಎದ್ದು ಬರುತ್ತದೆ.

ತೂಕ ಕೇಳಿ ಬೆರಗಾಗಬೇಡಿ. ಬೆಂಗಳೂರಿನ ಜಿ. ವಿದ್ಯಾರಾಜ್ ಅವರ ‘ರಾಜರತ್ನ’ ನಕ್ಷತ್ರ ಮಾಣಿಕ್ಯ 2,475 ಕ್ಯಾರೆಟ್, ಅಂದರೆ ಅರ್ಧ ಕಿಲೋಗೆ ಐದೇ ಗ್ರಾಂ ಕಡಿಮೆ. ಅವರದೇ ‘ನೀಲಾಂಜಲಿ’ 1,370 ಕ್ಯಾರೆಟ್, ಅದರಲ್ಲಿ ಹನ್ನೆರಡು ಕಾಲಿನ ನಕ್ಷತ್ರ. ಅತ್ತ 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸೋದೆಬೀಸ್ ಹರಾಜಿನಲ್ಲಿ ಮೊಜಾಂಬಿಕ್‌ನ 55.22 ಕ್ಯಾರೆಟ್ ಮಾಣಿಕ್ಯವೊಂದು 3.48 ಕೋಟಿ ಡಾಲರಿಗೆ ಹೋಯಿತು. ಮಾಣಿಕ್ಯದ ಬೆಲೆ ನಿಲ್ಲುವುದು ಬಣ್ಣ ಮತ್ತು ತಿಳಿತನದ ಮೇಲೆ. ಮೈಸೂರು ಸೀಮೆಯ ಕಲ್ಲು ಹೆಚ್ಚಾಗಿ ನೇರಳೆ ಛಾಯೆಯದು, ಬೆಳಕು ಬಿಡದು. ಹಾಗಾಗಿ ಒರಟು ಮಾಲು ಕಿಲೋ ಲೆಕ್ಕದಲ್ಲೂ ಸಿಗುತ್ತದೆ. ನನ್ನಂಥವನಿಗೆ ಕೈಗೆಟುಕಿದ್ದೂ ಅದಕ್ಕೇ.

ಒಂದೇ ಕಲ್ಲು ಹಿಡಿದುಕೊಂಡರೆ ಕಣ್ಣು ಪಳಗುತ್ತದೆ, ಮೋಸ ಹೋಗುವುದು ಕಡಿಮೆಯಾಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಉಜ್ಜದ ಆರು ಮೂಲೆಯ ಹರಳುಗಳಿವೆ, ತಾಯಿಬಂಡೆಗೆ ಅಂಟಿಕೊಂಡೇ ಇರುವ ತುಂಡುಗಳಿವೆ, ಹಸಿರು ಫುಕ್ಸೈಟ್ ಕಲ್ಲಿನೊಳಗೆ ಕೂತ ಕೆಂಪು ಚುಕ್ಕೆಗಳಿವೆ. ಬೇಕೆಂದೇ ಕೊಂಡ ಕಾರ್ಖಾನೆಯ ಕಲ್ಲೂ ಒಂದಿದೆ. ಅಮೆರಿಕದ ಲಿಂಡೆ ಕಂಪನಿ 1947ರಲ್ಲೇ ಕೃತಕ ನಕ್ಷತ್ರದ ಕಲ್ಲು ಮಾರುಕಟ್ಟೆಗೆ ಬಿಟ್ಟಿತ್ತು. ಅಂಥದರಲ್ಲಿ ನಕ್ಷತ್ರ ಗೆರೆ ಎಳೆದಷ್ಟು ಚೂಪು, ನೆತ್ತಿಯ ಮೇಲೆ ಬಣ್ಣ ಬಳಿದ ಹಾಗೆ ಕಾಣುತ್ತದೆ. ಅಸಲಿ ಕಲ್ಲಿನದು ಒಳಗಿಂದ ಬರುತ್ತದೆ, ಒಂದು ಕಾಲು ಚೂರು ಮಸುಕಾಗಿರುವುದೂ ಉಂಟು. ಜ್ಯೋತಿಷಿ ಹೇಳಿದರೆಂದು ರವಿಯ ಉಂಗುರಕ್ಕೆ ಹರಳು ಕೊಳ್ಳುವ ಮುನ್ನ ಎರಡನ್ನೂ ಒಟ್ಟಿಗಿಟ್ಟು ನೋಡಿದವರು ಎಷ್ಟು ಮಂದಿ?

ಕಲ್ಲಿನಷ್ಟೇ ಮುಖ್ಯವಾದದ್ದು ಅದರ ಚೀಟಿ. ಯಾವ ಊರಿನ ನೆಲದ್ದು, ಯಾವಾಗ ಕೊಂಡದ್ದು, ಎಷ್ಟಕ್ಕೆ, ಇಷ್ಟೂ ಬರೆದಿಡದ ಹರಳನ್ನು ಸಂಗ್ರಾಹಕರು ಕೈಯಲ್ಲೂ ಹಿಡಿಯುವುದಿಲ್ಲ. ಬಿಲ್ಲಿಗೆ ಇನ್ನೊಂದು ಕೆಲಸವಿದೆ. ಆದಾಯ ತೆರಿಗೆ ಕಾಯ್ದೆಯ ಕಣ್ಣಿನಲ್ಲಿ ಬಿಡಿ ಹರಳೂ ಆಭರಣವೇ. 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭಕ್ಕೆ ಈಗ ಶೇ 12.5 ತೆರಿಗೆ, 2024ರ ಜುಲೈ 23ರಿಂದ ಹಣದುಬ್ಬರದ ರಿಯಾಯಿತಿಯೂ ಇಲ್ಲ. ಕೊಂಡ ಬೆಲೆಗೆ ದಾಖಲೆ ಇಲ್ಲದಿದ್ದರೆ ಲಾಭ ಎಷ್ಟೆಂದು ವಾದಿಸುವುದೇ ಕಷ್ಟ. ಹಾಗೆಂದು ಬಿಲ್ಲಿನ ಗೊಡವೆಯೇ ಬೇಡವೆಂದು ನೀವೇ ಹಾರೆ ಹಿಡಿದು ಹೊರಡಬೇಡಿ. 2015ರಿಂದ ಕುರುಂದ ಉಪಖನಿಜದ ಪಟ್ಟಿಯಲ್ಲಿದೆ, ರಾಜ್ಯದ ಗಣಿ ನಿಯಮ ಅದಕ್ಕೂ ಅನ್ವಯ.

ಹರಳನ್ನು ಕೊಂಡ ಅಂಗಡಿಗೇ ವಾಪಸ್ ಒಯ್ದರೆ ಅರ್ಧ ಬೆಲೆ ಹೇಳಿದರೂ ಹೆಚ್ಚು ಎಂಬುದು ನನ್ನ ಅನುಭವ. ಅದಕ್ಕೇ ನಾನು ಹರಳಿಗೆ ಹಾಕಿದ ಹಣವನ್ನು ಉಳಿತಾಯದ ಪುಟದಲ್ಲಿ ಬರೆಯುವುದಿಲ್ಲ, ಖರ್ಚಿನ ಪುಟದಲ್ಲಿ ಬರೆಯುತ್ತೇನೆ. ಮಗಳ ಮದುವೆಗೆಂದೋ ಮಗನ ಓದಿಗೆಂದೋ ತೆಗೆದಿಟ್ಟ ದುಡ್ಡಾದರೆ, ದಯವಿಟ್ಟು ಹರಳಿನಂಗಡಿ ಕಡೆ ತಲೆ ಹಾಕಬೇಡಿ.