ಹಿತ್ತಲ ದ್ರಾಕ್ಷಿ ಬಳ್ಳಿಯೂ ಅದರ ಬುಡದ ಕಸವೂ



ಮುಗಳಖೋಡದ ಸುತ್ತಮುತ್ತ ತೋಟದ ಮನೆಯಲ್ಲಿಯೇ ವಾಸ ಮಾಡುವವರು ಅನೇಕರು. ಸುತ್ತ ಕಬ್ಬು, ನಡುವೆ ಮನೆ, ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬಾಳೆ, ಒಂದು ಲಿಂಬೆ. ಅಥಣಿ ತಾಲೂಕಿನ ದ್ರಾಕ್ಷಿ ತೋಟಗಳನ್ನು ನೋಡಿ ಬಂದವರು ಮಕ್ಕಳು ತಿನ್ನಲಿ ಎಂದು ಐದಾರು ದ್ರಾಕ್ಷಿ ಬಳ್ಳಿಯನ್ನೂ ಚಪ್ಪರಕ್ಕೆ ಹಬ್ಬಿಸುವುದುಂಟು. ಇಂಥ ಬಳ್ಳಿಗೆ ದೊಡ್ಡ ತೋಟದ ಆರೈಕೆ ಸಿಗುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬುಡದಲ್ಲಿ ಕರಿಕೆ ಹಬ್ಬುತ್ತದೆ, ಜೇಕು ಏಳುತ್ತದೆ, ಬೇಲಿಯ ಮಗ್ಗುಲಿಗೆ ಕಾಂಗ್ರೆಸ್ ಕಸ ಹೂ ಬಿಡುತ್ತದೆ. ಆಗ ಯಾರೋ ಒಬ್ಬರು ಕಬ್ಬಿಗೆ ಹೊಡೆದು ಉಳಿದ ಕಳೆನಾಶಕವನ್ನು ತಂದು ಬಳ್ಳಿಯ ಬುಡಕ್ಕೂ ಹೊಡೆದುಬಿಡುತ್ತಾರೆ. ನಾಲ್ಕು ವರ್ಷ ಸಾಕಿದ ಬಳ್ಳಿ ಒಂದು ಪಂಪಿನಲ್ಲಿ ಹಾಳಾಗುವುದು ಹೀಗೆ. ಈ ಪಾಠವನ್ನು ಬರೆದಿರುವುದು ಅದಕ್ಕಾಗಿಯೇ.

ಕಸ ತೆಗೆಯುವ ಮೊದಲು ಅದು ಯಾವುದರಿಂದ ಬದುಕುತ್ತದೆ ಎಂಬುದನ್ನು ತಿಳಿಯಬೇಕು. ಕೆಲವು ಬೀಜದಿಂದ ಬದುಕುತ್ತವೆ. ಕೆಲವು ನೆಲದೊಳಗಿನ ಗಡ್ಡೆ, ಬೇರಿನಿಂದ ಬದುಕುತ್ತವೆ. ಎರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಬೀಜದ ಕಸದ ಮಾತನ್ನು ಬೇಗ ಮುಗಿಸೋಣ. ಅದನ್ನು ಹೂ ಬಿಡುವ ಮೊದಲು ಕಿತ್ತರೆ ಸಾಕು. ಕಾಂಗ್ರೆಸ್ ಕಸವೇ ಇದಕ್ಕೆ ಉದಾಹರಣೆ. ಇದು ನಮ್ಮ ನಾಡಿನ ಗಿಡವಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ಪುಣೆಯಲ್ಲಿ, 1955ರಲ್ಲಿ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಗಾಳಿ, ಕಾಲುವೆ ನೀರು, ಗಾಡಿಯ ಗಾಲಿ, ಎಲ್ಲವೂ ಅದನ್ನು ಹೊತ್ತು ತರುತ್ತವೆ. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಆ ದುಂಬಿ ಎಲೆ ತಿಂದು ಗಿಡವನ್ನು ಬೋಳು ಮಾಡುವುದೂ ಉಂಟು. ಆದರೂ ಹಿತ್ತಲ ಮಟ್ಟಿಗೆ ದುಂಬಿಯನ್ನು ನಂಬಿ ಕುಳಿತುಕೊಳ್ಳುವುದಕ್ಕಿಂತ ಮಳೆ ಬಂದ ಮರುದಿನ ನೆಲ ಹಸಿಯಿದ್ದಾಗ ಬೇರುಸಹಿತ ಕೀಳುವುದೇ ಮೇಲು. ಮೇಲೆ ಮೇಲೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇನ್ನೊಂದು ಮಾತು. ಈ ಕಸ ಮೈಗೆ ತಾಗಿದರೆ ಹಲವರಿಗೆ ತುರಿಕೆ ಏಳುತ್ತದೆ, ಅದರ ಹೂವಿನ ಪುಡಿ ಕೆಲವರಿಗೆ ಉಬ್ಬಸ ತರುತ್ತದೆ. ಕಳೆ ತೆಗೆಯುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳದೇ. ಅವರ ಕೈಗೆ ಒಂದು ಜೊತೆ ಕೈಚೀಲ ಕೊಡಿಸುವುದು ದೊಡ್ಡ ಖರ್ಚಲ್ಲ. ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಲಿ.

ಈಗ ಜೇಕಿನ ಮಾತು. ಇದನ್ನು ತಿಳಿಯಲು ಒಂದು ಸಣ್ಣ ಕೆಲಸ ಮಾಡಿ ನೋಡಿರಿ. ಜೇಕು ದಟ್ಟವಾಗಿರುವಲ್ಲಿ, ಬಳ್ಳಿಯಿಂದ ದೂರವಾಗಿ, ಒಂದು ಮೊಳ ಉದ್ದ ಒಂದು ಮೊಳ ಅಗಲದ ನೆಲ ಗುರುತು ಮಾಡಿ, ಒಂದು ಗೇಣು ಆಳ ಅಗೆಯಿರಿ. ಮಣ್ಣನ್ನು ಬುಟ್ಟಿಯಲ್ಲಿ ಹಾಕಿ ಹೆಂಟೆ ಒಡೆದು, ಸಿಕ್ಕ ಗಡ್ಡೆಗಳನ್ನು ಎಣಿಸಿರಿ. ಮೇಲೆ ಕಂಡ ಸಸಿಗಿಂತ ಒಳಗಿನ ಗಡ್ಡೆಗಳೇ ಹೆಚ್ಚು ಬರುತ್ತವೆ. ಮೆಲ್ಲಗೆ ಬಿಡಿಸಿದರೆ ಗಡ್ಡೆಗಳು ಸರದ ಮಣಿಗಳಂತೆ ಸಣ್ಣ ಬೇರಿನಲ್ಲಿ ಪೋಣಿಸಿಕೊಂಡಿರುವುದು ಕಾಣುತ್ತದೆ. ಈ ಸರ ಅಖಂಡವಾಗಿರುವವರೆಗೆ ತುದಿಯ ಗಡ್ಡೆ ಮೊಳೆತು ಉಳಿದವನ್ನು ಸುಮ್ಮನಿರಿಸುತ್ತದೆ. ನಾವು ಗುದ್ದಲಿಯಿಂದ ಕಡಿದು ಸರ ತುಂಡು ಮಾಡಿದೆವೆಂದರೆ ಮಲಗಿದ್ದವೆಲ್ಲ ಎದ್ದು ಕೂಡುತ್ತವೆ. “ಕೆತ್ತಿದಷ್ಟೂ ಹೆಚ್ಚಾಗುತ್ತದೆ” ಎಂದು ರೈತರು ಬೇಸರದಿಂದ ಹೇಳುವುದು ಸುಳ್ಳಲ್ಲ. ಅದರ ಕಾರಣ ಇದು.

ಹಾಗಾದರೆ ಮಾಡುವುದೇನು? ಎರಡು ದಾರಿ ಇವೆ. ಎರಡನ್ನೂ ಕೂಡಿಸಿ ನಡೆಯಬೇಕು. ಬೇಸಿಗೆಯಲ್ಲಿ, ಹಣ್ಣು ಕೊಯ್ದ ಮೇಲೆ ಏಪ್ರಿಲ್ ಚಾಟ್ನಿಗೆ ಮುಂಚೆ, ಸಾಲಿನ ನಡುವಿನ ನೆಲವನ್ನು ಒಂದು ಗೇಣು ಅಗೆದು ಗಡ್ಡೆ ಆರಿಸಿ, ಕಲ್ಲು ಹಾಸಿನ ಮೇಲೋ ತಗಡಿನ ಮೇಲೋ ಬಿಸಿಲಿಗೆ ಹರವಿರಿ. ಎರಡು ವಾರ ಬಿಟ್ಟು ಒಂದು ಗಡ್ಡೆಯನ್ನು ಒಡೆದು ನೋಡಿರಿ. ಒಳಗೆ ಇನ್ನೂ ಹಸಿಯಿದ್ದರೆ ಮತ್ತಷ್ಟು ದಿನ ಒಣಗಲಿ. ತಿಪ್ಪೆಗೆ ಮಾತ್ರ ಹಾಕಕೂಡದು. ತಿಪ್ಪೆಗೆ ಹಾಕಿದ ಗಡ್ಡೆ ಗೊಬ್ಬರದೊಂದಿಗೆ ಮರುವರ್ಷ ಎಲ್ಲ ಹೊಲಕ್ಕೂ ಹೋಗುತ್ತದೆ.

ಅಗೆದ ಮೇಲೂ ಉಳಿದವು ಮೊಳೆಯುತ್ತವೆ. ಅದಕ್ಕೆ ಎದೆಗುಂದಬೇಡಿರಿ. ಮೊಳೆಯುವಾಗ ಗಡ್ಡೆ ತನ್ನೊಳಗೆ ಕೂಡಿಟ್ಟ ಆಹಾರವನ್ನು ಖರ್ಚು ಮಾಡುತ್ತದೆ. ಎಲೆ ಬಲಿತು ಕೆಲವು ವಾರಗಳಾದರೆ ಆ ಸಾಲ ತೀರಿ ಹೊಸ ಗಡ್ಡೆ ಕಟ್ಟಲು ತೊಡಗುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕುರ್ಪಿ ಹಿಡಿದು ಸಸಿಯನ್ನು ಗಡ್ಡೆಸಹಿತ ಎತ್ತಬೇಕು. ಗಡ್ಡೆ ಬಾರದಿದ್ದರೆ ಸಸಿಯನ್ನಾದರೂ ತೆಗೆಯಬೇಕು. ಒಂದು ತಿಂಗಳು ತಪ್ಪಿಸಿದರೆ ಹಿಂದಿನ ದುಡಿಮೆ ನೀರಿಗೆ ಹೋದಂತೆ. ಐದಾರು ಬಳ್ಳಿಯ ಹಿತ್ತಲಿಗೆ ಇದು ಅರ್ಧ ತಾಸಿನ ಕೆಲಸ. ಎಕರೆಗಟ್ಟಲೆ ತೋಟಕ್ಕೆ ಇದನ್ನು ಹೇಳಲು ನನಗೂ ಧೈರ್ಯವಿಲ್ಲ.

ಬಳ್ಳಿಯ ಬುಡದ ಸುತ್ತ ಒಂದೂವರೆ ಅಡಿ ಗುದ್ದಲಿ, ಸಲಿಕೆ ಹಾಕಬೇಡಿರಿ. ನೀರು ಕುಡಿಯುವ ಸಣ್ಣ ಬೇರುಗಳು ಅಲ್ಲಿ ಮೇಲೆಯೇ ಇರುತ್ತವೆ. ಅಲ್ಲಿ ಕೈಯೇ ಆಯುಧ. ಅಕ್ಟೋಬರ್ ಚಾಟ್ನಿಯ ಮೇಲೆ ಚಿಗುರು, ಗೊಂಚಲು ಹೊರಡುವ ದಿನಗಳಲ್ಲಂತೂ ಎಲ್ಲಿಯೂ ಆಳವಾಗಿ ಅಗೆಯಕೂಡದು.

ಕರಿಕೆ ಬೇರೆ ಬಗೆಯದು. ಅದು ನೆಲದ ಮೇಲೆಯೂ ಒಳಗೂ ಹಬ್ಬುತ್ತದೆ, ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ. ಅದರ ವೈರಿ ನೆರಳು. ಬೇಸಿಗೆಯಲ್ಲಿ ಅಗೆದು ಬೇರು ಆರಿಸಿದ ಮೇಲೆ, ನಮ್ಮಲ್ಲಿ ಬೇಕಾದಷ್ಟು ಸಿಗುವ ಕಬ್ಬಿನ ರವದಿಯನ್ನು ಅರ್ಧ ಅಡಿ ದಪ್ಪ ಹಾಸಿರಿ. ಹೊಲದಲ್ಲಿ ಬೆಂಕಿಗೆ ಕೊಡುವ ರವದಿ ಇಲ್ಲಿ ಕಸ ತಡೆಯುತ್ತದೆ, ತೇವ ಹಿಡಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಬಳ್ಳಿಯ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿರಿ; ಗೆದ್ದಲು ಹತ್ತೀತು. ಜೇಕು ಮಾತ್ರ ರವದಿಯನ್ನೂ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಬರುತ್ತದೆ. ಅದಕ್ಕೆ ಹದಿನೈದು ದಿನದ ಕುರ್ಪಿ ತಪ್ಪದು.

ಇನ್ನು ಮೊದಲು ಹೇಳಿದ ಪಂಪಿನ ಮಾತಿಗೆ ಬರೋಣ. ಕಬ್ಬಿನಲ್ಲಿ ಅಗಲ ಎಲೆಯ ಕಸಕ್ಕೆ 2,4-ಡಿ ಎಂಬ ಕಳೆನಾಶಕ ಹೊಡೆಯುತ್ತಾರೆ. ಕಬ್ಬು ಹುಲ್ಲಿನ ಜಾತಿ, ಅದು ತಡೆದುಕೊಳ್ಳುತ್ತದೆ. ದ್ರಾಕ್ಷಿ ಅಗಲ ಎಲೆಯ ಬಳ್ಳಿ. ಈ ಔಷಧಕ್ಕೆ ಅದರಷ್ಟು ಬೇಗ ಮಣಿಯುವ ಬೆಳೆಗಳು ಕೆಲವೇ. ಹತ್ತಿ, ಟೊಮೆಟೊ ಅದೇ ಸಾಲಿನವು. ಬುಡಕ್ಕೆ ಹೊಡೆಯುವುದಿರಲಿ, ಮಗ್ಗುಲ ಹೊಲದಿಂದ ಗಾಳಿಯಲ್ಲಿ ತೇಲಿ ಬಂದ ಹನಿಯೂ ಸಾಕು. ಈಸ್ಟರ್ ಎಂದು ಬರೆದ ಡಬ್ಬಿಯದಾದರೆ ಬಿಸಿಲಿಗೆ ಆವಿಯಾಗಿಯೂ ಬರುತ್ತದೆ. ಆಮೇಲೆ ಚಿಗುರೆಲೆ ಬೀಸಣಿಕೆಯಂತೆ ಮುದುಡಿ, ನರಗಳು ಒತ್ತಾಗಿ ಸೇರಿ, ಅಂಚು ಗರಗಸದಂತಾಗುತ್ತದೆ. ರೈತರು ಇದನ್ನು ನಂಜುರೋಗವೆಂದು ತಿಳಿದು ಮತ್ತೊಂದು ಔಷಧಕ್ಕೆ ಹಣ ಸುರಿಯುತ್ತಾರೆ. ಅದರಿಂದ ಪ್ರಯೋಜನವಿಲ್ಲ. ತಗುಲಿದ್ದು ಸ್ವಲ್ಪವಾದರೆ ಮುಂದಿನ ಚಿಗುರು ಸರಿಯಾಗಿ ಬರುತ್ತದೆ. ನೀರು ಹದವಾಗಿ ಕೊಟ್ಟು ಕಾಯಿರಿ, ಎಲೆಯನ್ನೆಲ್ಲ ಹರಿದು ಹಾಕಬೇಡಿರಿ.

ಕಳೆನಾಶಕ ಹೊಡೆದ ಪಂಪನ್ನು ಬಳ್ಳಿಗೆ ಬೇರೆ ಔಷಧ ಹೊಡೆಯಲು ಬಳಸಕೂಡದು. ಎಷ್ಟು ತೊಳೆದರೂ ಕೊಳವೆ, ರಬ್ಬರಿನಲ್ಲಿ ಅಂಶ ಉಳಿಯುತ್ತದೆ. ಬೇರೆಯೇ ಪಂಪು ಇಟ್ಟು ಅದಕ್ಕೆ ಕೆಂಪು ಬಣ್ಣ ಬಳಿಯಿರಿ. ಉಳಿದ ಔಷಧವನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಮನೆಯಲ್ಲಿಡುವುದು ಎಲ್ಲಕ್ಕಿಂತ ಕೆಟ್ಟ ರೂಢಿ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ ಎಂಬುದನ್ನು ಮನೆಯವರಿಗೆಲ್ಲ ತಿಳಿಸಿರಿ.

ಮಗ್ಗುಲ ಹೊಲದವರೊಂದಿಗೆ ಜಗಳ ಬೇಡ. ಕಬ್ಬಿಗೆ ಹೊಡೆಯುವ ಮುನ್ನಾದಿನವೇ ಹೋಗಿ, “ಅಣ್ಣಾ, ನಮ್ಮ ಬಳ್ಳಿ ಐತಿ, ಗಾಳಿ ಆ ಕಡೆ ಬೀಸೋ ಹೊತ್ತಿಗೆ ಹೊಡೀರಿ” ಎಂದು ಕೇಳಿಕೊಳ್ಳಿರಿ. ಎಲೆ ಮುದುಡಿದ್ದು ಔಷಧದಿಂದಲೋ ರೋಗದಿಂದಲೋ ತಿಳಿಯದಿದ್ದರೆ, ಎರಡು ಚಿಗುರನ್ನು ಕಾಗದದಲ್ಲಿ ಸುತ್ತಿಕೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿರಿ. ಮಗ್ಗುಲಲ್ಲಿ ಯಾವ ದಿನ, ಯಾವ ಔಷಧ ಹೊಡೆದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೆ ಹೇಳಲು ಸುಲಭವಾಗುತ್ತದೆ.