ದಿನದ ಪಾಲು

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 16:13–30, ಯೋಹಾನ 21:1–14.



ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಮನ್ನವು ದೊರಕಿದ ವೃತ್ತಾಂತವನ್ನು ಭಾನುವಾರದ ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಅದನ್ನು ಓದುವಾಗ ನಾವು ಆಕಾಶದ ಕಡೆಗೆ ನೋಡುವಷ್ಟು ನೆಲದ ಕಡೆಗೆ ನೋಡುವದಿಲ್ಲ. ಮನ್ನವನ್ನು ಸುರಿಸುವದು ದೇವರ ಕೆಲಸವಾಗಿತ್ತು. ಬಿಸಿಲೇರಿ ಅದು ಕರಗುವದಕ್ಕೆ ಮುಂಚೆ ಎದ್ದು ಬಗ್ಗಿ ಕೂಡಿಸುವದು ಜನರ ಕೆಲಸವಾಗಿತ್ತು. ಕೂಡಿಸಿದ್ದನ್ನು ಬೀಸುವ ಕಲ್ಲಿನಲ್ಲಿ ಬೀಸಿ, ಇಲ್ಲವೆ ಒರಳಿನಲ್ಲಿ ಕುಟ್ಟಿ, ಬೇಯಿಸಿ ಉಣ್ಣುತ್ತಿದ್ದರೆಂದು ಅರಣ್ಯಕಾಂಡದ 11ನೆಯ ಅಧ್ಯಾಯದಿಂದ ತಿಳಿದುಬರುತ್ತದೆ. ಪರಲೋಕದಿಂದ ಬಂದ ಆಹಾರಕ್ಕೂ ಒರಳು ಬೇಕಾಯಿತು! ಆ ಒರಳಿನ ಮುಂದೆ ಕೂತವರು ಯಾರೆಂದು ಮೋಶೆಯು ಬರೆಯಲಿಲ್ಲ. ನಮ್ಮ ಮನೆಗಳನ್ನು ನೋಡಿದರೆ ಊಹಿಸುವದು ಕಷ್ಟವಲ್ಲ.

ಈ ಪಾಠದಲ್ಲಿ ನಾವು ವಿಶೇಷವಾಗಿ ಗಮನಿಸತಕ್ಕದ್ದು ಅಳತೆಯ ಮಾತು. ಗುಡಾರದಲ್ಲಿ ಎಷ್ಟು ಮಂದಿಯೋ ಅಷ್ಟು ಓಮೆರ್ ಎಂದು ದೇವರು ತಲೆಯೆಣಿಸಿ ಪಾಲನ್ನು ನೇಮಿಸಿದನು. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮುದುಕನೆಂದೂ ಹೆಂಗಸೆಂದೂ ಕೂಸೆಂದೂ ಭೇದವಿಲ್ಲದೆ ಒಬ್ಬೊಬ್ಬರಿಗೆ ಒಂದೊಂದು ಓಮೆರ್. ಅನ್ನವನ್ನು ಹೀಗೆ ತಲೆಯೆಣಿಸಿ ಹಂಚುವ ನಾವು ದುಡಿಮೆಯನ್ನೂ ವಿಶ್ರಾಂತಿಯನ್ನೂ ಹಾಗೆ ಹಂಚುತ್ತೇವೋ?

ಕೆಂಗೇರಿಯ ಸುತ್ತಣ ಹಳ್ಳಿಗಳ ಸಭೆಯವರಿಗೆ ಈ ಪ್ರಶ್ನೆಯು ಈಗ ಬಹಳ ಸಮೀಪದ್ದಾಗಿದೆ. ನಮ್ಮ ಹಿರಿಯರ ದಿನವನ್ನು ಬಿಸಿಲೂ ಮಳೆಯೂ ಆಳುತ್ತಿದ್ದವು. ರಾಗಿಯ ಹೊಲಕ್ಕೆ ಗಂಡಹೆಂಡರು ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದರು. ಅನಂತರ ಪಾಳಿಯ ದುಡಿಮೆ ಬಂತು. 1884ರಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಬಿನ್ನಿಮಿಲ್ಲೆಂದು ಹೆಸರಾದ ಗಿರಣಿಯು ಪಟ್ಟಣದ ಎಷ್ಟೋ ಕುಟುಂಬಗಳಿಗೆ ಗಡಿಯಾರವನ್ನು ನೋಡುವದನ್ನು ಕಲಿಸಿತು. 1949ರಲ್ಲಿ ರಾಜಾಜಿನಗರವು ಕೈಗಾರಿಕೆಯ ಉಪನಗರವಾಗಿ ಆರಂಭವಾಯಿತು. ಈಗಲಾದರೋ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ವರೆಗೂ ಕಾರ್ಖಾನೆಗಳಿವೆ. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. 2023ರ ಜೂನ್ ತಿಂಗಳಲ್ಲಿ ಸ್ತ್ರೀಯರಿಗೆ ಸರಕಾರಿ ಬಸ್ಸಿನ ಪ್ರಯಾಣವು ಉಚಿತವಾಯಿತು. ದಾರಿಯು ಸುಗಮವಾಯಿತು, ಸರಿ. ದಿನಕ್ಕೆ ಗಂಟೆಗಳು ಮಾತ್ರ ಹೆಚ್ಚಲಿಲ್ಲ.

ಗಾರ್ಮೆಂಟ್ಸಿಗೆ ಹೋಗುವ ನಮ್ಮ ಸಹೋದರಿಯರ ಒಂದು ದಿನವನ್ನು ನೋಡಿರಿ. ಬೆಳಗಿನ ಜಾವ ಐದು ಗಂಟೆಗೆ ಮುಂಚೆ ಏಳುವದು, ನೀರು ಹಿಡಿಯುವದು, ಮುದ್ದೆ ಕೂಡಿಸುವದು, ಮಕ್ಕಳ ಡಬ್ಬಿಗಳಿಗೆ ಅನ್ನ ತುಂಬುವದು, ತಾನು ನಿಂತುಕೊಂಡೇ ಒಂದು ತುತ್ತು ತಿಂದು ವ್ಯಾನಿಗೆ ಓಡುವದು. ಅಲ್ಲಿ ಹೊಲಿಗೆಯ ಯಂತ್ರದ ಮುಂದೆ ಗಂಟೆಗೆ ಇಷ್ಟು ಎಂದು ಟಾರ್ಗೆಟ್ಟು. ಸಂಜೆ ಕತ್ತಲಾದ ಮೇಲೆ ಬರುವಾಗ ದಾರಿಯಲ್ಲಿಯೇ ಸೊಪ್ಪು ಕೊಂಡು ಬರುವದು, ತಿರುಗಿ ಒಲೆ, ತಿರುಗಿ ಪಾತ್ರೆ. ರಾತ್ರಿ ಕುಟುಂಬ ಪ್ರಾರ್ಥನೆಗೆ ಯಜಮಾನನು ವೇದಪುಸ್ತಕವನ್ನು ತೆರೆಯುವಾಗ ಆಕೆಯು ಬಚ್ಚಲಲ್ಲಿ ಪಾತ್ರೆ ಉಜ್ಜುತ್ತಿರುತ್ತಾಳೆ. ಅಲ್ಲಿಂದಲೇ ಆಮೆನ್ ಅನ್ನುತ್ತಾಳೆ. ಇದನ್ನು ನಾವು ಒಂದಲ್ಲ, ಅನೇಕ ಮನೆಗಳಲ್ಲಿ ಕೇಳಿದ್ದೇವೆ. ಆ ಆಮೆನ್ ದೇವರಿಗೆ ಮುಟ್ಟುವದರಲ್ಲಿ ಸಂದೇಹವಿಲ್ಲ. ಮನೆಯವರಿಗೆ ಮುಟ್ಟುತ್ತದೋ?

ಕೇಂದ್ರ ಸರಕಾರದವರು 2024ರಲ್ಲಿ ದೇಶದ ಜನರ ಸಮಯದ ಉಪಯೋಗವನ್ನು ಲೆಕ್ಕಮಾಡಿದರು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ 289 ನಿಮಿಷಗಳನ್ನೂ ಪುರುಷರು 88 ನಿಮಿಷಗಳನ್ನೂ ಅದರಲ್ಲಿ ಕಳೆಯುತ್ತಾರೆಂದು ಆ ಲೆಕ್ಕವು ಹೇಳುತ್ತದೆ. ಮನೆಗೆಲಸಕ್ಕೆ ಕೈಯನ್ನೇ ಹಾಕದ ಪುರುಷರು ಈ 88ರ ಲೆಕ್ಕದಲ್ಲಿ ಸೇರಿಲ್ಲವೆಂಬದನ್ನು ಮರೆಯಬಾರದು. ಕಾರ್ಖಾನೆಯ ದುಡಿಮೆಗೆ 1948ರ ಕಾಯಿದೆಯು ವಾರಕ್ಕೆ 48 ಗಂಟೆಗಳೆಂದು ಮೇರೆಯನ್ನಿಟ್ಟಿತು. ಒಲೆಯ ಮುಂದಿನ ದುಡಿಮೆಗೆ ಮೇರೆಯನ್ನಿಟ್ಟ ಕಾಯಿದೆ ಇಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹಣವನ್ನು ತೆಗೆಯುವದಕ್ಕೆ ಅಡ್ಡಿಯಾದ ನಿಯಮದ ನಿಮಿತ್ತ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರ್ತಿಯರು ಬೆಂಗಳೂರಿನ ಬೀದಿಗಿಳಿದಾಗ ಸರಕಾರವೇ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಹೊರಗಿನ ಲೆಕ್ಕವನ್ನು ಹೀಗೆ ಕೇಳಿದವರು ಮನೆಯೊಳಗಿನ ಲೆಕ್ಕವನ್ನು ಯಾರ ಬಳಿ ಕೇಳಬೇಕು?

ಗಂಡಸರು ದುಡಿಯುವದಿಲ್ಲವೆಂದು ನಾವು ಹೇಳುವದಿಲ್ಲ. ಗಾರೆಯ ಕೆಲಸದಲ್ಲಿಯೂ ಲಾರಿಯ ಮೂಟೆಯ ಕೆಳಗೂ ಬೆನ್ನು ಬಾಗಿಸಿ ಬರುವ ಸಹೋದರರು ನಮ್ಮಲ್ಲಿ ಬಹಳ. ಆದರೆ ಮನೆಗೆ ಬಂದ ಮೇಲೆ ಒಬ್ಬನ ದಿನವು ಮುಗಿದು ಮತ್ತೊಬ್ಬಳದು ತಿರುಗಿ ಆರಂಭವಾಗುವದು ಓಮೆರಿನ ಅಳತೆಯಲ್ಲ.

ಇದಕ್ಕೆ ಕೆಲವರು ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ. ಗುಣವತಿಯಾದ ಹೆಂಡತಿಯು ಇನ್ನೂ ಕತ್ತಲಿರುವಾಗ ಏಳುತ್ತಾಳಲ್ಲಾ ಎನ್ನುತ್ತಾರೆ. ಅದೇ 15ನೆಯ ವಚನವನ್ನು ಕೊನೆಯ ವರೆಗೆ ಓದಿರಿ. ಆಕೆಗೆ ದಾಸಿಯರಿದ್ದರು. ದಾಸಿಯರನ್ನು ಬಿಟ್ಟು ಕತ್ತಲನ್ನು ಮಾತ್ರ ಹೆಂಡತಿಗೆ ಕೊಡುವದು ವೇದವ್ಯಾಖ್ಯಾನವಲ್ಲ.

ಇನ್ನು ಕೆಲವರಿಗೆ ಅಡಿಗೆಮನೆಯೆಂದರೆ ಅವಮಾನ. ಇವರು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ಸಾವಕಾಶವಾಗಿ ಓದಲಿ. ಪುನರುತ್ಥಾನನಾದ ಕರ್ತನು, ಮರಣವನ್ನು ಜಯಿಸಿದ ಮೇಲೆ, ತಿಬೇರಿಯ ಸಮುದ್ರದ ದಡದಲ್ಲಿ ಏನು ಮಾಡುತ್ತಿದ್ದನು? ರಾತ್ರಿಯೆಲ್ಲಾ ಬಲೆಯೆಳೆದು ಬರಿಗೈಯಾಗಿದ್ದ ಏಳು ಮಂದಿ ಶಿಷ್ಯರು ಆತನ ಮಾತಿನಂತೆ ಬಲೆಬೀಸಿ ಮೀನುಗಳನ್ನು ಎಳೆದುಕೊಂಡು ದಡಕ್ಕೆ ಬರುವಷ್ಟರಲ್ಲಿ ಕೆಂಡ ಸಿದ್ಧವಾಗಿತ್ತು, ಅದರ ಮೇಲೆ ಮೀನು ಇತ್ತು, ರೊಟ್ಟಿಯೂ ಇತ್ತು. ದಣಿದು ಬಂದವರನ್ನು ಊಟಕ್ಕೆ ಕರೆದು ತನ್ನ ಕೈಯಿಂದಲೇ ಕೊಟ್ಟನು. ಕರ್ತನಿಗೆ ಅವಮಾನವಾಗದ ಕೆಂಡವು ನಮ್ಮ ಕೈಯನ್ನು ಮೈಲಿಗೆಮಾಡುವದೋ?

ಕೊರಿಂಥದಲ್ಲಿ ಪೌಲನಿಗೆ ಆಶ್ರಯಕೊಟ್ಟ ಅಕ್ವಿಲನೂ ಪ್ರಿಸ್ಕಿಲ್ಲಳೂ ಗುಡಾರ ಮಾಡುವ ಕಸುಬಿನವರು. ಅವರ ಮನೆಯಲ್ಲಿ ಸಭೆಯು ಕೂಡುತ್ತಿತ್ತು. ಅಪೊಲ್ಲೋಸನೆಂಬ ವಿದ್ವಾಂಸನಿಗೆ ಅವರಿಬ್ಬರೂ ಸೇರಿ ಉಪದೇಶಿಸಿದರು. ಕಸುಬೂ ಮನೆಯೂ ಸಭೆಯೂ ಇಬ್ಬರ ಹೆಗಲಿನ ಮೇಲಿದ್ದದರಿಂದಲೇ ಪ್ರಿಸ್ಕಿಲ್ಲಳಿಗೆ ಉಪದೇಶಕ್ಕೆ ಬಿಡುವು ದೊರಕಿತೆಂದು ನಮಗೆ ತೋರುತ್ತದೆ.

ಬಸವೇಶ್ವರನಗರಕ್ಕೆ ಯಾರ ಹೆಸರನ್ನಿಟ್ಟಿದ್ದಾರೋ ಆ ಬಸವಣ್ಣನವರ ಕಾಲದಲ್ಲಿ, ಅಂದರೆ 12ನೆಯ ಶತಮಾನದಲ್ಲಿ, ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳ ಕಥೆಯನ್ನು ನೆರೆಯವರಿಂದ ಕೇಳಿದ್ದೇವೆ. ಗಂಡನು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು, ಹೆಂಡತಿಯು ಅಟ್ಟು ಬಡಿಸುವಳು. ಒಂದು ದಿನ ಆತನು ಅಗತ್ಯಕ್ಕಿಂತ ಹೆಚ್ಚು ತರಲು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಬೇಕೆಂದು ಆಕೆಯು ಹೇಳಿದಳಂತೆ. ನಮ್ಮ ಮತದವರಲ್ಲದಿದ್ದರೂ ಆಕೆಯ ಮಾತಿನಲ್ಲಿ ಮನ್ನದ ನಿಯಮವು ಕೇಳಿಸುತ್ತದೆ. ಮಕ್ಕಳ ಶಾಲೆಯ ಫೀಜಿಗಾಗಿ ಓಟಿ ಮಾಡುವದು ಅಗತ್ಯ; ಅದನ್ನು ದುರಾಶೆಯೆನ್ನಲಾಗದು. ನೆಂಟರ ಮುಂದೆ ಮೆರೆಯುವದಕ್ಕೆ ಸಂಘದಲ್ಲಿ ಸಾಲಮಾಡಿ, ವಾರದ ಕಂತಿಗಾಗಿ ಭಾನುವಾರವನ್ನೂ ಮಾರುವದು ಬೇರೆ. ಮರುದಿನಕ್ಕೆ ಇಟ್ಟ ಮನ್ನಕ್ಕೆ ಹುಳಬಿತ್ತು.

ಭಾನುವಾರದ ಮಾತು ಬಂದದರಿಂದ ಇದನ್ನೂ ಹೇಳುತ್ತೇವೆ. ಆರನೆಯ ದಿನದಲ್ಲಿ ಎರಡರಷ್ಟು ದೊರಕಿದ್ದು ಏಳನೆಯ ದಿನದಲ್ಲಿ ಎಲ್ಲರೂ ಕೂತಿರಲೆಂದೇ. ವಿಶ್ರಾಂತಿಯ ಆಜ್ಞೆಯಲ್ಲಿ ಮಗನೂ ಮಗಳೂ ದಾಸದಾಸಿಯರೂ ದನಗಳೂ ಹೆಸರಿಡಲ್ಪಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಎತ್ತಿಗೆ ಭಾನುವಾರವುಂಟು; ಕೋಳಿಸಾರು ಮಾಡುವವಳಿಗೆ ಇಲ್ಲ. ಆರಾಧನೆಯ ಮೊದಲನೆಯ ಕೀರ್ತನೆಗೆ ಹೆಂಗಸರ ಸಾಲು ಅರ್ಧ ಖಾಲಿಯಿರುವದು ಭಕ್ತಿಯ ಕೊರತೆಯಿಂದಲ್ಲ.

ಈ ಪಾಠವನ್ನು ಮನೆಕೂಟದಲ್ಲಿ ನಡಿಸುವವರು ಒಂದು ಕೆಲಸವನ್ನು ಮಾಡಿಸಲಿ. ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಎದ್ದರು, ಎಷ್ಟು ಗಂಟೆಗೆ ಮಲಗಿದರು, ನಡುವೆ ಎಷ್ಟು ಹೊತ್ತು ಕೂತರು ಎಂಬದನ್ನು ಓದುಬರಹ ಬಲ್ಲ ಮಕ್ಕಳ ಕೈಯಿಂದ ಒಂದು ವಾರ ಬರಸಲಿ. ಆ ಕಾಗದವನ್ನು ತಂದೆಯು ಗಟ್ಟಿಯಾಗಿ ಓದಲಿ. ಕುಟುಂಬ ಪ್ರಾರ್ಥನೆಯ ಹೊತ್ತನ್ನು ಗಡಿಯಾರದಿಂದಲ್ಲ, ಪಾತ್ರೆಗಳಿಂದ ಗೊತ್ತುಮಾಡಲಿ: ಉಂಡವರೆಲ್ಲರೂ ತಮ್ಮ ತಮ್ಮ ತಟ್ಟೆಯನ್ನು ತೊಳೆದಿಟ್ಟು, ತಾಯಿಯು ಕೈಯೊರಸಿಕೊಂಡು ಬಂದು ಕೂತ ಮೇಲೆ ವೇದಪುಸ್ತಕವನ್ನು ತೆರೆಯಲಿ.